ಇಗತ್‌ಪುರಿಯ ಹತ್ತು ದಿನಗಳು

ಕಲ್ಯಾಣ ಜಂಕ್ಷನ್ನಿನಲ್ಲಿ ರೈಲು ಹಳಿಗಳು ಎರಡು ಕವಲಾಗುತ್ತವೆ. ಒಂದು ಆಗ್ನೇಯಕ್ಕೆ ತಿರುಗಿ, ಭೋರ್ ಘಟ್ಟವನ್ನೇರಿ, ಪುಣೆ, ಸೊಲ್ಲಾಪುರ, ಕಲಬುರಗಿಗಳ ಕಡೆಗೆ ಸಾಗುತ್ತದೆ. ಇನ್ನೊಂದು ಈಶಾನ್ಯಕ್ಕೆ ಹೊರಳಿ, ಥಲ್ ಘಟ್ಟವನ್ನೇರಿ, ನಾಸಿಕದತ್ತ ನಡೆಯುತ್ತದೆ. ಕನ್ನಡನಾಡಿನಿಂದ ಪುಣೆಯ ಮಾರ್ಗವಾಗಿ ಬರುವ ಪ್ರಯಾಣಿಕರು ಮೊದಲನೆಯ ಘಟ್ಟವನ್ನು ಇಳಿದು ಬಂದು, ಇಲ್ಲಿ ಗಾಡಿ ಬದಲಿಸಿ, ಎರಡನೆಯ ಘಟ್ಟವನ್ನು ಏರಬೇಕು. ಇಳಿದಷ್ಟೂ ಮತ್ತೆ ಏರುವ ಈ ಪ್ರಯಾಣದ ಕೊನೆಯಲ್ಲಿ ಇಗತ್‌ಪುರಿ ಎಂಬ ಪುಟ್ಟ ಊರಿದೆ.

ಥಲ್ ಘಟ್ಟದ ರೈಲುಮಾರ್ಗ 1865ರಲ್ಲಿ ತೆರೆಯಿತು. ಇಲ್ಲಿಯ ಏರು ಬಹು ಕಡಿದು: ಪ್ರತಿ 37 ಅಡಿಗೆ ಒಂದು ಅಡಿ. ಆದುದರಿಂದ ಘಟ್ಟದ ಬುಡದಲ್ಲಿರುವ ಕಸಾರಾ ನಿಲ್ದಾಣದಲ್ಲಿ ಹೆಚ್ಚಿನ ಗಾಡಿಗಳು ಕೊಂಚ ಹೊತ್ತು ನಿಲ್ಲುತ್ತವೆ. ಹಿಂಬದಿಗೆ ಬೇರೆ ಎಂಜಿನ್ನುಗಳು ಬಂದು ಕೂಡಿಕೊಳ್ಳುತ್ತವೆ. ಮುಂದಿನ ಎಂಜಿನ್ನು ಎಳೆಯುತ್ತ, ಹಿಂದಿನವು ನೂಕುತ್ತ, ಗಾಡಿಯು ಸುರಂಗದಿಂದ ಸುರಂಗಕ್ಕೆ, ಸೇತುವೆಯಿಂದ ಸೇತುವೆಗೆ ಮೆಲ್ಲಮೆಲ್ಲನೆ ಮೇಲೇರುತ್ತದೆ. ಮಳೆಗಾಲದಲ್ಲಿ ಈ ದಾರಿಯ ಸೊಬಗನ್ನು ಹೇಳತೀರದು. ಕರಿಯ ಬಂಡೆಗಳ ಮೇಲಿಂದ ನೂರಾರು ಬೆಳ್ಳಿಯ ಎಳೆಗಳಂತೆ ನೀರು ಸುರಿಯುತ್ತಿರುತ್ತದೆ. ಕಣಿವೆಯ ತುಂಬ ಮಂಜು ತುಂಬಿ, ಮರುಕ್ಷಣವೇ ಚದುರಿ, ಹಸಿರು ಗದ್ದೆಗಳನ್ನು ತೋರಿಸಿ ಮರೆಮಾಡುತ್ತದೆ. ಮಹಾರಾಷ್ಟ್ರದ ಅತ್ಯುನ್ನತ ಶಿಖರವಾದ 1646 ಮೀಟರಿನ ಕಳಸೂಬಾಯಿ ಇಲ್ಲಿಂದ ಅನತಿ ದೂರದಲ್ಲಿಯೇ ಇದೆಯಾದರೂ, ಮಳೆಯ ತಿಂಗಳುಗಳಲ್ಲಿ ಮೋಡದ ಮುಸುಕನ್ನು ತೆಗೆಯುವುದು ಅಪರೂಪ.

ಒಂದು ಶ್ರಾವಣದ ಬೆಳಿಗ್ಗೆ ಹೀಗೆ ಇಗತ್‌ಪುರಿಯಲ್ಲಿ ಇಳಿದವರ ನಡುವೆ ತುಮಕೂರು ಸೀಮೆಯ ನಿವೃತ್ತ ಮೇಷ್ಟರೊಬ್ಬರಿದ್ದರು. ಮೂವತ್ತು ವರ್ಷ ಹಳ್ಳಿಯ ಮಕ್ಕಳಿಗೆ ಗಣಿತ ಕಲಿಸಿದವರು. ಅವರಿಗೆ ಪ್ರಕೃತಿಯ ಸೌಂದರ್ಯವನ್ನು ಕಾಣುವ ಮನಸ್ಸು ಆ ದಿನ ಇರಲಿಲ್ಲ. ಮೂರು ವರ್ಷಗಳಿಂದ ಅವರಿಗೆ ನಿದ್ರೆ ಬರುತ್ತಿರಲಿಲ್ಲ. ತಂದೆಯವರು ಬಿಟ್ಟುಹೋದ ಎರಡು ಎಕರೆ ತೆಂಗಿನ ತೋಟದ ವಿಷಯದಲ್ಲಿ ತಮ್ಮನೊಡನೆ ಆರಂಭವಾದ ಮಾತು ಜಗಳವಾಗಿ, ಜಗಳ ದಾವೆಯಾಗಿ, ದಾವೆ ವಾಯಿದೆಯಿಂದ ವಾಯಿದೆಗೆ ಬೆಳೆಯುತ್ತಿತ್ತು. ಒಂದೇ ಬೀದಿಯಲ್ಲಿ ಎರಡು ಮನೆ; ಎದುರಾದರೆ ಒಬ್ಬರು ಆ ಪಕ್ಕ, ಇನ್ನೊಬ್ಬರು ಈ ಪಕ್ಕ. ವೈದ್ಯರು ಕೊಟ್ಟ ಗುಳಿಗೆಗಳಿಂದ ಕಣ್ಣು ಮುಚ್ಚುತ್ತಿತ್ತೇ ಹೊರತು ಮನಸ್ಸು ಮುಚ್ಚುತ್ತಿರಲಿಲ್ಲ. ಧ್ಯಾನ ಕಲಿತರೆ ನಿದ್ರೆ ಬಂದೀತೆಂದು ಸ್ನೇಹಿತರು ಹೇಳಿದ್ದರು. ಅಷ್ಟೇ ಅವರ ಆಸೆ.

ತಲೆನೋವಿಗೆಂದು ಬಂದ ವರ್ತಕ

ರೈಲು ನಿಲ್ದಾಣದಿಂದ ನಡೆದೇ ಹೋಗಬಹುದಾದಷ್ಟು ಹತ್ತಿರದಲ್ಲಿ, ಬೆಟ್ಟದ ಮಡಿಲಲ್ಲಿ, ಧಮ್ಮಗಿರಿ ಎಂಬ ವಿಪಶ್ಯನಾ ಕೇಂದ್ರವಿದೆ. ಬರ್ಮೀ ಶೈಲಿಯ ದ್ವಾರ, ಮರಗಳ ಸಾಲು, ಅದರಾಚೆ ಚಿನ್ನದ ಬಣ್ಣದ ಪಗೋಡ. ಆ ಪಗೋಡದ ಒಳಗೆ ದೇವರ ವಿಗ್ರಹವನ್ನು ಹುಡುಕಿದರೆ ಸಿಕ್ಕುವುದಿಲ್ಲ. ಅಲ್ಲಿರುವುದು ಒಬ್ಬೊಬ್ಬರೇ ಕುಳಿತುಕೊಳ್ಳಬಹುದಾದ ಸಣ್ಣ ಸಣ್ಣ ಕೋಣೆಗಳು. ಅವಕ್ಕೆ ಶೂನ್ಯಾಗಾರಗಳೆಂದು ಹೆಸರು.

ಈ ಕೇಂದ್ರದ ಹಿಂದೊಂದು ಕಥೆಯಿದೆ. ಸತ್ಯನಾರಾಯಣ ಗೋಯೆಂಕಾ ಅವರು 1924ರಲ್ಲಿ ಬರ್ಮಾದ ಮಾಂಡಲೆಯಲ್ಲಿ ಹುಟ್ಟಿದ ಮಾರವಾಡಿ ವರ್ತಕರು. ಸಣ್ಣ ವಯಸ್ಸಿನಲ್ಲಿಯೇ ಸಿರಿವಂತರಾದರು. ಅದರೊಡನೆ ಅತಿ ಭಯಂಕರವಾದ ಅರೆತಲೆನೋವೂ ಅವರ ಪಾಲಿಗೆ ಬಂದಿತು. ನೋವನ್ನು ತಡೆಯಲು ಮಾರ್ಫಿಯಾ ಚುಚ್ಚಿಸಿಕೊಳ್ಳಬೇಕಾಗುತ್ತಿತ್ತು. ಎಲ್ಲಿ ಅದರ ದಾಸರಾಗುವೆವೋ ಎಂಬ ಭೀತಿಯಿಂದ ಅವರು ದೇಶದೇಶಗಳ ವೈದ್ಯರ ಬಳಿ ಅಲೆದರು. ಫಲ ಕಾಣಲಿಲ್ಲ. ಕೊನೆಗೆ 1955ರಲ್ಲಿ ಸ್ನೇಹಿತರ ಮಾತಿನಂತೆ ರಂಗೂನಿನ ಸಯಾಜಿ ಊ ಬಾ ಖಿನ್ ಅವರಲ್ಲಿಗೆ ಹೋದರು.

ಊ ಬಾ ಖಿನ್ ಸಂನ್ಯಾಸಿಯಲ್ಲ, ಸರ್ಕಾರಿ ನೌಕರ. ಗುಮಾಸ್ತರಾಗಿ ಸೇರಿ, 1948ರಲ್ಲಿ ಸ್ವತಂತ್ರ ಬರ್ಮಾದ ಅಕೌಂಟೆಂಟ್ ಜನರಲ್ ಆದವರು. ಲೆಕ್ಕಪತ್ರಗಳ ಕಚೇರಿಯಲ್ಲಿಯೇ ಸಹೋದ್ಯೋಗಿಗಳಿಗೆ ಧ್ಯಾನವನ್ನು ಕಲಿಸುತ್ತಿದ್ದ ಈ ಅಪರೂಪದ ಅಧಿಕಾರಿ, 1952ರಲ್ಲಿ ರಂಗೂನಿನಲ್ಲಿ ಒಂದು ಧ್ಯಾನಕೇಂದ್ರವನ್ನು ಸ್ಥಾಪಿಸಿದ್ದರು. ತಲೆನೋವನ್ನು ಗುಣಪಡಿಸಿಕೊಳ್ಳಲು ಬಂದೆನೆಂದು ಹೇಳಿದ ಯುವಕ ವರ್ತಕನನ್ನು ಅವರು ಸೇರಿಸಿಕೊಳ್ಳಲು ಒಪ್ಪಲಿಲ್ಲ. ದೇಹದ ಕಾಯಿಲೆಗಾಗಿ ಬರುವುದಾದರೆ ವೈದ್ಯರಿದ್ದಾರೆ. ಮನಸ್ಸನ್ನು ತೊಳೆದುಕೊಳ್ಳುವುದಕ್ಕಾದರೆ ಬರಬಹುದು. ಆಗ ರೋಗ ಶಮನವಾದರೆ ಅದು ತಾನಾಗಿ ದೊರೆತ ಲಾಭ ಎಂಬುದು ಅವರ ನಿಲುವು. ಗೋಯೆಂಕಾ ಒಪ್ಪಿ ಕುಳಿತರು. ಹದಿನಾಲ್ಕು ವರ್ಷ ಗುರುವಿನ ಬಳಿ ಅಭ್ಯಾಸ ಮಾಡಿ, 1969ರಲ್ಲಿ ಭಾರತಕ್ಕೆ ಬಂದು, ಅದೇ ವರ್ಷದ ಜುಲೈ ತಿಂಗಳಲ್ಲಿ ಮುಂಬಯಿಯ ಒಂದು ಧರ್ಮಶಾಲೆಯಲ್ಲಿ ಬೆರಳೆಣಿಕೆಯ ಜನರಿಗೆ ಮೊದಲ ಶಿಬಿರ ನಡೆಸಿದರು. 1976ರಿಂದ ಧಮ್ಮಗಿರಿಯಲ್ಲಿ ಶಿಬಿರಗಳು ನಡೆಯತೊಡಗಿದವು. 2013ರಲ್ಲಿ ಗೋಯೆಂಕಾ ತೀರಿಕೊಂಡರು. ಆದರೆ ಧ್ವನಿಮುದ್ರಿತವಾದ ಅವರ ಕಂಠವೇ ಇಂದಿಗೂ ಹೊಸಬರಿಗೆ ಪಾಠ ಹೇಳುತ್ತದೆ. ಅವರ ಜೀವಿತಕಾಲದಲ್ಲಿಯೇ ಈ ವಿದ್ಯೆ ಸೆರೆಮನೆಗಳನ್ನೂ ಹೊಕ್ಕಿತ್ತು: 1975ರಲ್ಲಿ ಜಯಪುರದ ಕಾರಾಗೃಹದಲ್ಲಿಯೂ, 1994ರಲ್ಲಿ ದೆಹಲಿಯ ತಿಹಾರ್ ಕಾರಾಗೃಹದಲ್ಲಿ ಸಾವಿರಕ್ಕೂ ಹೆಚ್ಚು ಬಂದಿಗಳಿಗೂ ಶಿಬಿರಗಳು ನಡೆದವು.

ಈ ಪರಂಪರೆಯನ್ನು ಹಿಂದಕ್ಕೆ ನೋಡುತ್ತ ಹೋದರೆ ಒಂದು ಸೊಗಸಾದ ಸರಪಳಿ ಕಾಣುತ್ತದೆ. ಗೋಯೆಂಕಾ ವರ್ತಕರು, ಅವರ ಗುರು ಊ ಬಾ ಖಿನ್ ಅಧಿಕಾರಿ, ಅವರ ಗುರು ಸಯಾ ಥೆಟ್‌ಜೀ ಹೊಲ ಉತ್ತ ರೈತ, ಅವರಿಗೆ ಕಲಿಸಿದ ಲೇಡಿ ಸಯಾಡೊ ಭಿಕ್ಷು. ಮಠದೊಳಗಿದ್ದ ವಿದ್ಯೆ ಹೊಲಕ್ಕೂ, ಕಚೇರಿಗೂ, ಅಂಗಡಿಗೂ ಬಂದ ಬಗೆಯಿದು. ಕನ್ನಡಿಗರಿಗೂ ಇದು ತೀರ ಹೊರಗಿನದಲ್ಲ. ಅಶೋಕನ ಕಾಲದಲ್ಲಿ ಧರ್ಮಪ್ರಸಾರಕ್ಕೆಂದು ವನವಾಸಕ್ಕೆ ರಕ್ಖಿತನೆಂಬ ಥೇರನನ್ನು ಕಳುಹಿಸಿದರೆಂದು ಸಿಂಹಳದ ಮಹಾವಂಸ ಹೇಳುತ್ತದೆ. ಆ ವನವಾಸವೇ ನಮ್ಮ ಬನವಾಸಿ ಎಂಬುದು ಹಲವು ವಿದ್ವಾಂಸರ ಮತ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಬಂಡೆಯ ಮೇಲೆ ಆ ಚಕ್ರವರ್ತಿಯ ಶಾಸನ ಇಂದಿಗೂ ಇದೆ.

ಮೂಗಿನ ತುದಿಯ ಪಾಠ

ಮಧ್ಯಾಹ್ನ ಹೆಸರು ನೋಂದಾಯಿಸಿದಾಗ ಮೇಷ್ಟರು ತಮ್ಮ ಫೋನು, ಲೇಖನಿ, ಓದಲೆಂದು ತಂದಿದ್ದ ಪುಸ್ತಕ, ಜಪಮಾಲೆ ಎಲ್ಲವನ್ನೂ ಒಪ್ಪಿಸಿದರು. ಯಾರೂ ತಮ್ಮ ಮತವನ್ನು ಬಿಡಬೇಕಾಗಿಲ್ಲ; ಆದರೆ ಹತ್ತು ದಿನಗಳ ಮಟ್ಟಿಗೆ ಪೂಜೆ, ಜಪ, ವ್ರತ, ಬೇರೆ ಸಾಧನೆಗಳನ್ನು ಬದಿಗಿಟ್ಟು ಈ ಒಂದನ್ನೇ ಪರೀಕ್ಷಿಸಿ ನೋಡಬೇಕೆಂಬುದು ನಿಯಮ. ಸಂಜೆ ಪಂಚಶೀಲಗಳನ್ನು ಸ್ವೀಕರಿಸಿದ ಮೇಲೆ ಆರ್ಯಮೌನ ಆರಂಭವಾಯಿತು. ಮಾತು ಮಾತ್ರವಲ್ಲ, ಸನ್ನೆಯೂ ಕೂಡದು. ಕೇಳಬೇಕಾದುದಿದ್ದರೆ ಆಚಾರ್ಯರನ್ನು ಕೇಳಬಹುದು. ಅನುಕೂಲ ಬೇಕಾದರೆ ಧರ್ಮಸೇವಕರಿಗೆ ಹೇಳಬಹುದು. ಗಂಡಸರಿಗೂ ಹೆಂಗಸರಿಗೂ ವಸತಿ, ಊಟ, ಓಡಾಟ ಪ್ರತ್ಯೇಕ.

ಬೆಳಗಿನ ಜಾವ ನಾಲ್ಕು ಗಂಟೆಗೆ ಗಂಟೆ ಬಾರಿಸುತ್ತದೆ. ನಾಲ್ಕೂವರೆಗೆ ಧ್ಯಾನ. ಆರೂವರೆಗೆ ಉಪಾಹಾರ, ಹನ್ನೊಂದಕ್ಕೆ ಊಟ. ಸಂಜೆ ಐದಕ್ಕೆ ಚಹಾ ಅಥವಾ ಹಾಲು, ಹಣ್ಣು, ಒಂದಿಷ್ಟು ಪುರಿ, ರಾತ್ರಿ ಊಟವಿಲ್ಲ. ಏಳಕ್ಕೆ ಪ್ರವಚನ. ಒಂಬತ್ತೂವರೆಗೆ ದೀಪ ಆರುತ್ತದೆ. ಇವೆಲ್ಲದರ ನಡುವೆ ದಿನಕ್ಕೆ ಹತ್ತು ಗಂಟೆಗೂ ಮಿಕ್ಕಿ ಕುಳಿತು ಮಾಡುವ ಕೆಲಸ ಒಂದೇ.

ಆ ಕೆಲಸವೂ ಕೇಳಲು ಬಹು ಸುಲಭ. ಕಣ್ಣು ಮುಚ್ಚಿ, ಬೆನ್ನು ನೆಟ್ಟಗಿರಿಸಿ, ಮೂಗಿನ ಹೊಳ್ಳೆಗಳಲ್ಲಿ ಬರುವ, ಹೋಗುವ ಉಸಿರನ್ನು ಸುಮ್ಮನೆ ಗಮನಿಸಬೇಕು. ಇದಕ್ಕೆ ಆನಾಪಾನ ಎಂದು ಹೆಸರು. ಮೇಷ್ಟರು ಒಳಗೊಳಗೇ ನಕ್ಕರು. ಉಪನಯನವಾದಂದಿನಿಂದ ಸಂಧ್ಯಾವಂದನೆ ಮಾಡಿ ಬಂದವರಿಗೆ ಪೂರಕ, ಕುಂಭಕ, ರೇಚಕಗಳು ಹೊಸವೇ? ಅವರು ಅಭ್ಯಾಸಬಲದಿಂದ ಉಸಿರನ್ನು ದೀರ್ಘವಾಗಿ ಎಳೆದು, ಹಿಡಿದು, ಬಿಡತೊಡಗಿದರು. ಸ್ವಲ್ಪ ಹೊತ್ತಿನಲ್ಲಿಯೇ ಸೂಚನೆ ಬಂದಿತು: ಉಸಿರನ್ನು ಆಳಬಾರದು, ಎಣಿಸಬಾರದು, ಅದಕ್ಕೆ ಮಂತ್ರವನ್ನಾಗಲಿ ರೂಪವನ್ನಾಗಲಿ ಜೋಡಿಸಬಾರದು. ನೀಳವಾಗಿದ್ದರೆ ನೀಳವೆಂದು, ಗಿಡ್ಡವಾಗಿದ್ದರೆ ಗಿಡ್ಡವೆಂದು ತಿಳಿದರೆ ಸಾಕು. ಮಾಡುವುದನ್ನು ಬಲ್ಲ ಮೇಷ್ಟರಿಗೆ ಮಾಡದೆ ನೋಡುವುದು ಗೊತ್ತಿರಲಿಲ್ಲ.

ನಾಲ್ಕು ಉಸಿರು ನೋಡುವುದರೊಳಗೆ ಮನಸ್ಸು ತುಮಕೂರನ್ನು ಮುಟ್ಟಿತ್ತು. ವಕೀಲರಿಗೆ ಹೇಳಬೇಕಾಗಿದ್ದ ಮಾತು, ಹೇಳದೆ ಉಳಿದ ಮಾತು, ತಮ್ಮ ಅಂದು ಪಂಚಾಯಿತಿಯ ಮುಂದೆ ಎಸೆದ ಮಾತು, ಅದಕ್ಕೆ ಕೊಡಬಹುದಾಗಿದ್ದ ಉತ್ತರ! ಎಷ್ಟು ಹೊತ್ತು ಹಾಗೆ ಕಳೆಯಿತೋ. ಎಚ್ಚೆತ್ತಾಗ ಮೂಗು ಇದ್ದಲ್ಲಿಯೇ ಇತ್ತು, ಉಸಿರೂ ಆಡುತ್ತಿತ್ತು, ನೋಡಬೇಕಾದವನು ಮಾತ್ರ ತೋಟದ ಬೇಲಿಯ ಬಳಿ ನಿಂತಿದ್ದ. ಮತ್ತೆ ಬಂದರು. ಮತ್ತೆ ಹೋಯಿತು. ಮೊದಲ ದಿನ ಮುಗಿಯುವ ಹೊತ್ತಿಗೆ ಮಂಡಿಗಳು ಉರಿಯುತ್ತಿದ್ದವು, ಬೆನ್ನು ಬಿಗಿದಿತ್ತು. ರಾತ್ರಿ ಮಲಗಿದರೆ ಮಳೆಯ ಸದ್ದಿನ ನಡುವೆ ನಿಲ್ದಾಣದಿಂದ ರೈಲಿನ ಕೂಗು ಕೇಳಿಬರುತ್ತಿತ್ತು. ಬೆಳಗಾದರೆ ಒಂದು ಗಾಡಿ ಹಿಡಿದು ಊರಿಗೆ ಹೊರಟುಬಿಡಬಾರದೇಕೆ?

ಎರಡನೆಯ ದಿನ ಅವರು ಚೀಲವನ್ನು ಕಟ್ಟಿಯೇ ಇಟ್ಟರು. ಅರ್ಧದಲ್ಲಿ ಬಿಟ್ಟುಹೋಗುವುದಿಲ್ಲವೆಂದು ಮೊದಲೇ ಮಾತು ಕೊಟ್ಟಿದ್ದರಿಂದ, ಹೇಳದೆ ಹೋಗುವುದು ಮೇಷ್ಟರಿಗೆ ತಕ್ಕುದಲ್ಲವೆನಿಸಿತು. ಮಧ್ಯಾಹ್ನದ ವಿರಾಮದಲ್ಲಿ ಆಚಾರ್ಯರನ್ನು ಕಂಡರು.

"ನನ್ನ ಮನಸ್ಸು ಒಂದು ಗಳಿಗೆಯೂ ನಿಲ್ಲುತ್ತಿಲ್ಲ. ನನ್ನಂಥವನಿಗೆ ಇದು ಬರುವುದಿಲ್ಲ" ಎಂದರು, ತಮಗೆ ಬಂದ ಹಿಂದಿಯಲ್ಲಿ.

"ಓಡಿಹೋಯಿತೆಂಬುದು ನಿಮಗೆ ತಿಳಿಯುತ್ತದೆಯೇ?"

"ತಿಳಿಯದೆ ಏನು? ಬಹಳ ತಡವಾಗಿ ತಿಳಿಯುತ್ತದೆ."

"ತಿಳಿದಾಗ ಏನು ಮಾಡುತ್ತೀರಿ?"

"ಬೈದುಕೊಂಡು ಮತ್ತೆ ಉಸಿರಿಗೆ ತರುತ್ತೇನೆ."

"ಬೈದುಕೊಳ್ಳುವುದನ್ನು ಬಿಟ್ಟು ತನ್ನಿ. ಉಳಿದುದೆಲ್ಲ ಸರಿಯಾಗಿಯೇ ಇದೆ" ಎಂದು ಆಚಾರ್ಯರು ನಕ್ಕರು.

ಮೇಷ್ಟರು ಕೋಣೆಗೆ ಬಂದು ಕುಳಿತರು. ಮೂವತ್ತು ವರ್ಷಗಳಲ್ಲಿ ಲೆಕ್ಕ ತಪ್ಪಿದ ಎಷ್ಟು ಹುಡುಗರಿಗೆ ಅವರೇ ಈ ಮಾತನ್ನು ಹೇಳಿರಲಿಲ್ಲ! ತಪ್ಪಿದ ಹುಡುಗನಿಗೆ ಹೊಡೆದರೆ ಅವನು ಲೆಕ್ಕವನ್ನು ಬಿಟ್ಟು ಬೆತ್ತವನ್ನು ನೋಡುತ್ತಾನೆ. ಮನಸ್ಸು ಅಲೆಯುವುದು ಸೋಲಲ್ಲ; ಅಲೆಯಿತೆಂದು ಕಂಡದ್ದೇ ಪಾಠದ ಮೊದಲ ಸಾಲು; ಹಿಂದಕ್ಕೆ ತರುವುದೇ ಅಭ್ಯಾಸ. ಧ್ಯಾನವೆಂದರೆ ಮನಸ್ಸು ನಿಂತುಬಿಡುವುದೆಂದು ಭಾವಿಸಿ ಬರುವ ಹೊಸಬರೆಲ್ಲ ಎಡವುವುದು ಇಲ್ಲಿಯೇ. ಚೀಲದ ಗಂಟು ಬಿಚ್ಚಿತು.

ನೋವಿನ ನಡುವೆ

ಮೂರು ದಿನ ಹೀಗೆ ಉಸಿರನ್ನೂ, ಮೂಗಿನ ಕೆಳಗಿನ ಸಣ್ಣ ಜಾಗದಲ್ಲಿ ಏಳುವ ಸಂವೇದನೆಗಳನ್ನೂ ಗಮನಿಸಿ ಬುದ್ಧಿ ಮೊನಚಾದ ಮೇಲೆ, ನಾಲ್ಕನೆಯ ದಿನ ವಿಪಶ್ಯನೆಯನ್ನು ಹೇಳಿಕೊಡುತ್ತಾರೆ. ವಿಪಶ್ಯನೆಯೆಂದರೆ ವಿಶೇಷವಾಗಿ ನೋಡುವುದು, ಇದ್ದುದನ್ನು ಇದ್ದಂತೆ ನೋಡುವುದು. ನೆತ್ತಿಯಿಂದ ಉಂಗುಷ್ಠದವರೆಗೆ ಗಮನವನ್ನು ನಡೆಸುತ್ತ, ಎಲ್ಲಿ ಬಿಸಿ, ಎಲ್ಲಿ ತಂಪು, ಎಲ್ಲಿ ತುರಿಕೆ, ಎಲ್ಲಿ ನೋವು ಎಂಬುದನ್ನು ಅರಿಯುತ್ತ ಸಾಗಬೇಕು. ಹಿತವಾದುದಕ್ಕೆ ಅಂಟಿಕೊಳ್ಳಬಾರದು, ಅಹಿತವಾದುದನ್ನು ನೂಕಬಾರದು. ಅಂದಿನಿಂದ ದಿನಕ್ಕೆ ಮೂರು ಸಲ ಒಂದೊಂದು ಗಂಟೆ ಕೈಕಾಲು ಅಲುಗಿಸದೆ, ಕಣ್ಣು ತೆರೆಯದೆ ಕೂರುವ ನಿರ್ಧಾರ. ಇದನ್ನು ಅಧಿಷ್ಠಾನವೆನ್ನುತ್ತಾರೆ. ವಯಸ್ಸಾದವರಿಗೆ ಕುರ್ಚಿಯೂ ದೊರೆಯುತ್ತದೆ, ಮೇಷ್ಟರು ಬೇಡವೆಂದರು.

ಅರ್ಧ ಗಂಟೆ ಕಳೆಯುತ್ತಲೇ ಬಲಮಂಡಿಯಲ್ಲಿ ಕೆಂಡವಿಟ್ಟಂತಾಯಿತು. ಕಾಲು ಚಾಚಿದರೆ ಒಂದು ಕ್ಷಣದಲ್ಲಿ ಮುಗಿಯುವ ಸಂಕಟ. ಚಾಚಲಿಲ್ಲ. ನೋವನ್ನೇ ನೋಡುತ್ತ ಕುಳಿತರು. ಒಂದೇ ಗಡ್ಡೆಯೆಂದು ತೋರುತ್ತಿದ್ದ ನೋವಿನಲ್ಲಿ ಬಿಸಿ ಬೇರೆ, ಸೆಳೆತ ಬೇರೆ, ಮಿಡಿತ ಬೇರೆ; ಒಂದು ಏರಿದಾಗ ಇನ್ನೊಂದು ಇಳಿಯುತ್ತಿತ್ತು. "ಅಯ್ಯೋ, ಇನ್ನೂ ಎಷ್ಟು ಹೊತ್ತು" ಎಂಬ ಕಳವಳ ಮಂಡಿಯಲ್ಲಿರಲಿಲ್ಲ, ಬೇರೆಲ್ಲೋ ಇತ್ತು. ಗಂಟೆ ಮುಗಿದಾಗ ಎದ್ದು ನಿಲ್ಲಲು ಕಂಬ ಹಿಡಿಯಬೇಕಾಯಿತು. ಆದರೆ ಹುಟ್ಟಿದ್ದೆಲ್ಲ ಬದಲಾಗುತ್ತದೆಂಬ ಮಾತನ್ನು, ಪಾಲಿಯಲ್ಲಿ ಅನಿಚ್ಚವೆನ್ನುವ ಅದನ್ನು, ಪುಸ್ತಕದಲ್ಲಿ ಓದದೆ ಮಂಡಿಯಲ್ಲಿ ಓದಿದಂತಾಗಿತ್ತು.

ಆರನೆಯ ದಿನದ ಮಧ್ಯಾಹ್ನ ತಮ್ಮ ಬಂದನು. ಕರೆಯದೆ ಬಂದ ಮುಖ. ಪಂಚಾಯಿತಿಯ ಆ ದಿನ, ಆ ಮಾತು. ಇಷ್ಟು ವರ್ಷ ಆ ನೆನಪು ಬಂದ ಕೂಡಲೇ ಮೇಷ್ಟರು ವಾದಕ್ಕೆ ನಿಲ್ಲುತ್ತಿದ್ದರು, ರಾತ್ರಿಯೆಲ್ಲ ತಲೆಯೊಳಗೆ ನ್ಯಾಯಾಲಯ ನಡೆಯುತ್ತಿತ್ತು. ಈ ಸಲ ಗಮನ ಮೈಯೊಳಗೇ ಇತ್ತು. ಎದೆಯ ನಡುವೆ ಬಿಸಿ ಏಳುವುದು ಕಂಡಿತು. ದವಡೆ ಬಿಗಿಯುವುದು ಕಂಡಿತು. ಉಸಿರು ಗಿಡ್ಡವಾಯಿತು. ಇದೇ ಕೋಪ, ಮಾತಾಗುವುದಕ್ಕೆ ಮುಂಚಿನ ಕೋಪ. ಮಂಡಿಯ ನೋವಿನ ಹಾಗೆಯೇ ಇದೂ ಏರಿ, ಸ್ವಲ್ಪ ಹೊತ್ತು ನಿಂತು, ಇಳಿಯಿತು. ಅದರ ಹಿಂದೆಯೇ, ಅದಕ್ಕೆ ಸಂಬಂಧವೇ ಇಲ್ಲದಂತೆ, ಚಿಕ್ಕಂದಿನಲ್ಲಿ ಅದೇ ತೋಟದಲ್ಲಿ ಎಳನೀರು ಕೆತ್ತಲು ಹೋಗಿ ಬೆರಳು ಕುಯ್ದುಕೊಂಡ ತಮ್ಮನನ್ನು ಹೆಗಲ ಮೇಲೆ ಹೊತ್ತು ಓಡಿದ್ದು ನೆನಪಾಯಿತು. ಮುಚ್ಚಿದ ಕಣ್ಣಿನಿಂದ ನೀರು ಇಳಿಯಿತು. ಅದನ್ನೂ ಒರೆಸಿಕೊಳ್ಳಲಿಲ್ಲ; ಇನ್ನೂ ಇಪ್ಪತ್ತು ನಿಮಿಷ ಉಳಿದಿತ್ತು.

ಹೀಗೆಂದ ಮಾತ್ರಕ್ಕೆ ಇಲ್ಲಿಗೆ ಬಂದವರೆಲ್ಲರಿಗೂ ಒಂದೇ ಬಗೆಯ ಅನುಭವವಾಗುವುದೆಂದು ತಿಳಿಯಬಾರದು. ಕೆಲವರಿಗೆ ಹತ್ತು ದಿನವೂ ನಿದ್ರೆಯ ಜೊಂಪು. ಕೆಲವರಿಗೆ ಬರಿಯ ಬೇಸರ. ಕೆಲವರಿಗೆ ಗಾಬರಿಯೂ ಆಗುವುದುಂಟು. ತೀವ್ರವಾದ ಮಾನಸಿಕ ಕಾಯಿಲೆಯಿಂದ ನರಳುತ್ತಿರುವವರಿಗೆ ಇಷ್ಟು ದೀರ್ಘವಾದ ಮೌನಸಾಧನೆ ಹಿತವಲ್ಲ. ಅರ್ಜಿಯಲ್ಲಿ ಆರೋಗ್ಯದ ಪ್ರಶ್ನೆಗಳನ್ನು ಕೇಳುವುದು ಆ ಕಾರಣಕ್ಕಾಗಿಯೇ. ಅಲ್ಲಿ ಮುಚ್ಚುಮರೆ ಮಾಡದೆ ಬರೆಯುವುದೂ, ನಡೆಯುತ್ತಿರುವ ಔಷಧಿಯನ್ನು ವೈದ್ಯರನ್ನು ಕೇಳದೆ ನಿಲ್ಲಿಸದಿರುವುದೂ ಹೊಸಬರಿಗೆ ಅಗತ್ಯ. ಶಿಬಿರಕ್ಕೆ ಶುಲ್ಕವಿಲ್ಲ; ಹಿಂದೆ ಶಿಬಿರ ಮುಗಿಸಿದವರು ಕೊಟ್ಟ ದಾನದಿಂದ ಇಂದಿನವರ ಊಟ ವಸತಿ ನಡೆಯುತ್ತದೆ. ಹತ್ತು ದಿನಗಳನ್ನು ಪೂರೈಸದವರಿಂದ ಕಾಣಿಕೆಯನ್ನೂ ಸ್ವೀಕರಿಸುವುದಿಲ್ಲ.

ಘಟ್ಟ ಇಳಿಯುವಾಗ

ಹತ್ತನೆಯ ದಿನ ಮೈತ್ರಿಯ ಭಾವನೆಯನ್ನು ಕಲಿಸುತ್ತಾರೆ. ತನಗೆ ದೊರೆತ ಶಾಂತಿ ಎಲ್ಲರಿಗೂ ದೊರೆಯಲೆಂದು ಹಾರೈಸುವ ಪಾಠ ಅದು. ಅದಾದ ಮೇಲೆ ಮೌನ ಮುರಿಯುತ್ತದೆ. ಒಂಬತ್ತು ದಿನ ನೆರಳಿನಂತೆ ನಡೆದಾಡಿದ ಮಂದಿ ಅಂಗಳದ ತುಂಬ ಹಕ್ಕಿಗಳ ಹಾಗೆ ಗಲಭೆ ಮಾಡಿದರು. ಮೇಷ್ಟರ ಪಕ್ಕದ ಕೋಣೆಯಲ್ಲಿದ್ದಾತ ಬೆಳಗಾವಿಯವನೆಂದೂ, ಕನ್ನಡ ಬಲ್ಲವನೆಂದೂ ಆಗ ತಿಳಿಯಿತು. ಇಬ್ಬರೂ ಹೊಟ್ಟೆ ಹಿಡಿದು ನಕ್ಕರು. ಮನೆಗೆ ಹೋದ ಮೇಲೂ ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಕುಳಿತರೆ ಮಾತ್ರ ಕಲಿತದ್ದು ನಿಲ್ಲುತ್ತದೆ ಎಂಬುದು ಅಲ್ಲಿಯ ಕೊನೆಯ ಬುದ್ಧಿವಾದ.

ಹನ್ನೊಂದನೆಯ ದಿನದ ಬೆಳಿಗ್ಗೆ ಇಗತ್‌ಪುರಿಯ ನಿಲ್ದಾಣದಲ್ಲಿ ಮೇಷ್ಟರು ಗಾಡಿಗಾಗಿ ಕಾಯುತ್ತಿದ್ದಾಗ, ಕಸಾರಾದಿಂದ ಏರಿಬಂದ ಗಾಡಿಯೊಂದು ನಿಂತಿತು. ಹಿಂದಿನಿಂದ ನೂಕಿಕೊಂಡು ಬಂದಿದ್ದ ಎಂಜಿನ್ನುಗಳನ್ನು ಕಳಚಿದರು. ಗಾಡಿಯು ತನ್ನದೇ ಎಂಜಿನ್ನಿನೊಡನೆ ನಾಸಿಕದತ್ತ ಹೊರಟುಹೋಯಿತು. ಇವು ಮುಂದಿನ ಗಾಡಿಯನ್ನು ಏರಿಸಲು ಮತ್ತೆ ಕಸಾರಾಕ್ಕೆ ಇಳಿಯಬೇಕಷ್ಟೆ. ಬಂದ ದಿನ ಕಣ್ಣಿಗೆ ಬೀಳದಿದ್ದ ಇದನ್ನು ಮೇಷ್ಟರು ಬಹಳ ಹೊತ್ತು ನೋಡುತ್ತ ನಿಂತರು. ಇಳಿಯುವಾಗ ಕಿಟಕಿಯಾಚೆಯ ಅಬ್ಬಿಗಳೆಲ್ಲ ಅವರಿಗೆ ಕಂಡವು.

ನಿದ್ರೆ? ಊರಿಗೆ ಬಂದ ಮೇಲೆ ಕೆಲವು ರಾತ್ರಿ ಬರುತ್ತಿತ್ತು, ಕೆಲವು ರಾತ್ರಿ ಇಲ್ಲ. ಬಾರದ ರಾತ್ರಿ ಅವರು ಉಸಿರು ನೋಡುತ್ತ ಮಲಗುತ್ತಿದ್ದರು. ಬೆಳಗಿನ ಜಾವದ ಕೂರುವಿಕೆಯಲ್ಲಿ ಮನಸ್ಸು ಹಿಂದಿನಂತೆಯೇ ತೋಟಕ್ಕೆ ಓಡುತ್ತಿತ್ತು; ಬೈಯದೆ ಕರೆತರುತ್ತಿದ್ದರು. ದಾವೆಯ ವಾಯಿದೆ ಹಾಗೆಯೇ ಇತ್ತು. ಒಂದು ಸಂಜೆ ದಿನಸಿ ಅಂಗಡಿಯ ಮುಂದೆ ತಮ್ಮ ಎದುರಾದ. ಎದೆಯಲ್ಲಿ ಆ ಹಳೆಯ ಬಿಸಿ ಎದ್ದಿತು. ಮೇಷ್ಟರಿಗೆ ಅದು ಗೊತ್ತಾಯಿತು. ಪಕ್ಕಕ್ಕೆ ಸರಿಯಲಿಲ್ಲ.

"ತೋಟದ ಕಡೆ ಮಳೆ ಆಯಿತೇನೋ?" ಎಂದು ಕೇಳಿದರು.

ತಮ್ಮ ತುಸು ಹೊತ್ತು ಅವರ ಮುಖವನ್ನೇ ನೋಡಿದ. ಆಮೇಲೆ ಚೀಲವನ್ನು ಇನ್ನೊಂದು ಕೈಗೆ ಬದಲಿಸಿಕೊಂಡು, "ಪರವಾಗಿಲ್ಲ ಕಣಣ್ಣ, ಹದವಾಗಿ ಬಂತು" ಎಂದ.